ಕೈಗಳ ರಕ್ಷಣೆ

ಹೊಲಿಗೆ ಮಿಷನ್ನಿನ ಸೂಜಿ ಶಿವರತ್ನಳ ಬೆರಳಿನೊಳಗೇ ಮುರಿದ ಮೇಲೆ ಚಿಕ್ಕತಾಯಮ್ಮ ಸುಮ್ಮನಿರಲಿಲ್ಲ. ಅವರು ಹೊಲಿದ ಬಟ್ಟೆ ಕೊಳ್ಳುವ ಹೊರದೇಶದಿಂದ ಕಾರ್ಮಿಕರ ಸುರಕ್ಷತಾ ಸಮಿತಿ ಕಾರ್ಖಾನೆಗೆ ಬಂದಾಗ, ಮ್ಯಾನೇಜರ್ ಕಣ್ಣು ಕೆಕ್ಕರಿಸಿದರೂ ಎದ್ದುನಿಂತು ಹೇಳಿಯೇಬಿಟ್ಟಳು.

"ನಮ್ ಕೈ ಉಳಿಯೋಕೊಂದು ದಾರಿ ಮಾಡ್ಕೊಡಿ ಸ್ವಾಮಿ. ದಿನಾ ಯಾರದಾದ್ರೂ ಒಬ್ಬಳದು ಬೆರಳು ಹೋಯ್ತದೆ."

ಸಮಿತಿಯವರು ದುಭಾಷಿಯಿಂದ ಕೇಳಿ ತಿಳಿದುಕೊಂಡರು. ಈ ಅಪಾಯ ಪೂರ್ತಿ ನಿಲ್ಲಬೇಕೆಂದು ಮಾಲೀಕರಿಗೆ ತಾಕೀತು ಮಾಡಿ ಹೋದರು.

ಸ್ವಲ್ಪ ದಿನಕ್ಕೆ ಮ್ಯಾನೇಜರ್ ಹೆಂಗಸರ ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿಸಿದ. "ಬೆರಳು ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ನೋಡೋಕೆ ತಾಯಮ್ಮ. ನೀವು ಚೆನ್ನಾಗಿ ಹೊಲಿಯೋರು, ನಿಧಾನಕ್ಕೆ ತೋರಿಸಿ."

"ನಂಗ್ಯಾಕೋ ಇದು ಸರಿ ಕಾಣ್ತಿಲ್ಲ ಕಣಕ್ಕ" ಎಂದಳು ಶಿವರತ್ನ.

"ಸುಮ್ಕಿರು. ನಮ್ ಮಾತು ಕೇಳಿರೋದೇ ಇದೊಂದ್ಸಲ."

ಚಿಕ್ಕತಾಯಮ್ಮ ಕಾಲರ್ ತಿರುವುವುದನ್ನು, ತೋಳು ಕೂಡಿಸುವುದನ್ನು, ಜಾರುವ ಬಟ್ಟೆಯನ್ನು ಬೆರಳ ತುದಿಯಲ್ಲೇ ಹಿಡಿಯುವುದನ್ನು ಒಂದೂ ಮುಚ್ಚಿಡದೆ ತೋರಿಸಿದಳು. ತನ್ನಿಂದ ಇನ್ನೊಬ್ಬಳ ಬೆರಳು ಉಳಿಯುತ್ತದಲ್ಲ ಎಂಬ ಹಿಗ್ಗು ಅವಳಿಗೆ.

ಯುಗಾದಿ ಮುಗಿಸಿ ಕೆಲಸಕ್ಕೆ ಬಂದರೆ ಗೇಟು ಹಾಕಿತ್ತು. ಹೆಂಗಸರೆಲ್ಲ ಹೊರಗೇ ನಿಂತಿದ್ದರು. ಒಳಗೆ ಮಿಷನ್ನುಗಳು ಓಡುವ ಸದ್ದು ಕೇಳುತ್ತಿತ್ತು.

"ಒಳಗೆ ಯಾರ್ ಸಾರ್ ಹೊಲೀತಿರೋದು?" ಚಿಕ್ಕತಾಯಮ್ಮ ಗೇಟಿನ ಕಂಬಿ ಹಿಡಿದು ಕೇಳಿದಳು.

ಗೇಟಿನೊಳಗೆ ನಿಂತಿದ್ದ ಮ್ಯಾನೇಜರ್ ಸಮಾಧಾನವಾಗಿಯೇ ಹೇಳಿದ. "ಯಾರೂ ಇಲ್ಲ ತಾಯಮ್ಮ, ನಿಮ್ಮನ್ನ ನೋಡಿ ಕಲಿತ ಹೊಸ ಮಿಷನ್‌ಗಳು. ಇನ್ಮೇಲೆ ಇಲ್ಲಿ ಯಾರ ಬೆರಳಿಗೂ ಸೂಜಿ ಚುಚ್ಚಲ್ಲ ಅಂತ ಸಮಿತಿಯವರೂ ಮೆಚ್ಕೊಂಡ್ರು."