ಅಳಿಯನ ಕಾರಿಗೆ ಅಲಾಯ್ ವೀಲ್

ಬೆಳಗಿನಿಂದ ಇದು ಮೇಷ್ಟ್ರು ಹತ್ತಿದ ನಾಲ್ಕನೇ ಅಂಗಡಿ. ಬೆವರು ಒರೆಸಿಕೊಂಡು ಸ್ಟೂಲಿನ ಮೇಲೆ ಕುಸಿದು ಕೂತರು.

“ಅಳಿಯನ ಸ್ಪೋರ್ಟ್ಸ್ ಕಾರಿಗೆ ಅಲಾಯ್ ವೀಲ್ ಬೇಕು. ಮೊದಲನೇ ದೀಪಾವಳಿಗೆ ಅದೇ ಆಗಬೇಕಂತೆ. ಎಲ್ಲರೂ ದುಬಾರಿಯದ್ದೇ ತೋರಿಸ್ತಾರೆ, ನೀವು ಅಗ್ಗದ್ದು ತೋರಿಸಿ.”

ಅಂಗಡಿಯವನು ಒಂದು ಸೆಟ್ ತಂದಿಟ್ಟ, ಆದರೆ ಅದನ್ನು ಮಾರಲು ಅವನಿಗೇ ಮನಸ್ಸು ಒಪ್ಪಲಿಲ್ಲ.

“ಇದು ನೋಡೋಕೆ ಚೆಂದ ಅಷ್ಟೇ ಸಾರ್. ಜೋರಾಗಿ ಹೋಗ್ತಾ ಗುಂಡಿಗೆ ಬಿದ್ರೆ ಸೀಳಿಹೋಗುತ್ತೆ.”

“ಅವನು ಜೋರಾಗೇ ಓಡಿಸೋದು.”

“ಹಂಗಾದ್ರೆ ಬೇಡ. ಸ್ವಲ್ಪ ಜಾಸ್ತಿಯಾದ್ರೂ ಗಟ್ಟಿಯಾದ್ದೇ ತಗೊಳ್ಳಿ. ಪಕ್ಕದಲ್ಲಿ ನಿಮ್ಮ ಮಗಳೂ ಕೂರ್ತಾರಲ್ವಾ?”

ಮೇಷ್ಟ್ರು ಆ ಅಗ್ಗದ ಚಕ್ರವನ್ನು ಮೆಲ್ಲಗೆ ಸವರಿದರು.

“ಇನ್ನು ಕೂರಲ್ಲ. ಅವನ ಕೈಲಿ ಹಲ್ಲು ಮುರಿಸ್ಕೊಂಡು ನಿನ್ನೆ ಮನೆಗೆ ಬಂದ್ಲು. ಇದನ್ನೇ ಕೊಡಿ.”