ಬಸಿದ ನೀರು

ಆ ಗೋಪುರದಲ್ಲಿ ನೀರು ಮಣ್ಣಿನ ಮೂಲಕವೇ ಮಹಡಿಯಿಂದ ಮಹಡಿಗೆ ಇಳಿಯುತ್ತಿತ್ತು. ಒಂದು ಮನೆಯ ಪಾತಿಯಿಂದ ಬಸಿದದ್ದೇ ಕೆಳಮನೆಯವರ ಕುಡಿಯುವ ನೀರು. ನೀರು ಬಂದೊಡನೆ ಕೆಳಗಿನವರು ಮೇಲಿನವರನ್ನು ಹರಸಬೇಕು. ‘ನೀರು ಬರಲಿಲ್ಲ’ ಎಂದು ಕೂಗಿದರೆ ಶಾಪ ಹಾಕಿದ ಹಾಗೆ. ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸಾಬಮ್ಮ ಅವ್ವನ ಸೊಂಟನೋವಿಗೆಂದು ಒಳಕೋಣೆಯ ಪಾತಿಯಲ್ಲಿ ಗಾಂಜಾ ಸಸಿ ನೆಟ್ಟಿದ್ದಳು. ಸಿಕ್ಕಿದ್ದು ಒಂದೇ ಸಸಿ. ಅದು ಒಣಗೀತೆಂಬ ಭಯಕ್ಕೆ ಪಾತಿಯ ತಳದಲ್ಲಿ ನೀರು ಬಸಿಯುವ ತೂತಿಗೆ ಚಿಂದಿ ತುರುಕಿ, ಸಣ್ಣ ಸಂದಿಯಷ್ಟೇ ಬಿಟ್ಟಳು. ಅಷ್ಟು ಸಾಕೆಂದುಕೊಂಡಳು, ಕೆಳಗಿನ ಹಂಪಮ್ಮ ಆಯಿ ದಿನಾ ಬೆಳಿಗ್ಗೆ ಕೂಗುತ್ತಿದ್ದಳಲ್ಲ: “ನೀರು ಬಂತವ್ವಾ! ನಿನ್ನ ಹೊಟ್ಟಿ ತಣ್ಣಗಿರ್ಲಿ!”

ಆದರೂ ಸಸಿಯ ಎಲೆಗಳು ಹಳದಿಯಾಗಿ ಜೋತುಬಿದ್ದವು.

“ಇನ್ನಷ್ಟು ನೀರು ಹಾಕ್ಲೇನವ್ವಾ?”

ಅವ್ವ ಮಂಚದಿಂದಲೇ ಮೂಗರಳಿಸಿದಳು. “ಮಣ್ಣು ನಾರಾಕತ್ತೈತಿ. ಬೇರು ಕೊಳೀತಾವ. ತಗಿ ಎಲ್ಲಾ.”

ಸಾಬಮ್ಮ ಸಸಿಯನ್ನು ಎತ್ತಿಟ್ಟು ಪಾತಿ ಬಗೆದಳು. ತಳದಲ್ಲಿ ಕಪ್ಪು ರಾಡಿ. ಚಿಂದಿಯ ಸಂದಿ ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಚಿಂದಿ ಕಿತ್ತು ಕೆಳಮನೆಗೆ ಇಳಿಯುವ ಕೊಳವೆಯೊಳಗೆ ಬೆರಳಿಟ್ಟರೆ ಬರೀ ಧೂಳು ಹತ್ತಿತು.

ಹಾಗಾದರೆ ಇಷ್ಟು ದಿನ ಆಯಿ ಹರಸಿದ್ದು ಯಾವ ನೀರಿಗೆ?

ರಾಡಿ ಬಳಿದು ತೆಗೆದು ತಳಕ್ಕೆ ಇಟ್ಟಿಗೆ ಚೂರು, ಇದ್ದಿಲು ಹರವಿದಳು. ಗೊಬ್ಬರ, ತೆಂಗಿನ ನಾರು ಕಲಸಿದ ಮಣ್ಣನ್ನು ಒತ್ತದೆ ಸಡಿಲವಾಗಿ ತುಂಬಿದಳು. ಸಸಿ ನೆಟ್ಟು, ತಮಗೆಂದು ತುಂಬಿಟ್ಟ ಕೊಡವನ್ನೂ ಸುರಿದು, ನೆಲಕ್ಕೆ ಕಿವಿಯಿಟ್ಟಳು.

ಕೆಳಗೆ ಒಂದು ಹನಿ ಬಿತ್ತು, ಆಮೇಲೆ ಸಣ್ಣ ಧಾರೆ. ಬಾರದ ನೀರಿಗೂ ದಿನಾ ಹರಸಿದ್ದ ಆಯಿ ಈಗ ಒಂದು ಮಾತೂ ಆಡಲಿಲ್ಲ. ಗಟಗಟನೆ ಕುಡಿಯುವ ಸದ್ದಷ್ಟೇ ಕೇಳುತ್ತಿತ್ತು.