ಬಿಗಿದಿಟ್ಟ ಸ್ಪ್ರಿಂಗು

ಗ್ರೀಸಿನ ವಾಸನೆ ಬಂದರೆ ಇವತ್ತಿಗೂ ಹೊಸಪೇಟೆಯ ನಮ್ಮ ಅಂಗಳ ಕಣ್ಣಿಗೆ ಕಟ್ಟುತ್ತದೆ. ಆಗ ಗಣಿ ಜೋರಾಗಿತ್ತು. ಸಂಡೂರಿನ ದಾರಿಯಲ್ಲಿ ಕುಲುಕಿ ಹಣ್ಣಾದ ಕಾರುಗಳನ್ನು ಅಪ್ಪ ಮನೆ ಮುಂದಿನ ತಗಡಿನ ಚಪ್ಪರದಡಿ ರಿಪೇರಿ ಮಾಡುತ್ತಿದ್ದ.

ಅಮಾವಾಸ್ಯೆಗೆ ಮಾತ್ರ ಪಾನಾ, ಸುತ್ತಿಗೆ ಮುಟ್ಟುತ್ತಿರಲಿಲ್ಲ. ಅವಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು ಸುಮ್ಮನಿರುತ್ತಿದ್ದ. ಹಾಗಾಗಿ ಒಂದು ಸಲ ಗಣಿ ಧಣಿಯೊಬ್ಬರ ಕಾರು ತಡವಾಯಿತು. ಮರುದಿನ ಮಧ್ಯಾಹ್ನ ಅವರ ಕಡೆಯವನೊಬ್ಬ ನುಗ್ಗಿದ.

ಅಪ್ಪ ಚಕ್ರದ ದಪ್ಪ ಸ್ಪ್ರಿಂಗನ್ನು ಕೊಕ್ಕೆ ಬೋಲ್ಟು ಹಾಕಿ ಕುಗ್ಗಿಸಿದ್ದ. “ಅದು ಸಿಡಿದರ ತಲಿ ಉಳಿಯಂಗಿಲ್ಲ” ಅಂತ ಅಜ್ಜಿ ನನ್ನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಕೊಕ್ಕೆ ಜಾರತೊಡಗಿತು. ಅಪ್ಪ ಎರಡೂ ಕೈಯಿಂದ ಹಾರೆ ಕೊಟ್ಟು ಅದನ್ನು ಒತ್ತಿ ಹಿಡಿದ.

“ಧಣಿ ಕಾರಿಗೂ ಅಮಾಸಿ ನೋಡ್ತೀಯೇನಲೇ?” ಬಂದವನು ಸ್ಪ್ರಿಂಗಿನ ಮೇಲೇ ಬಗ್ಗಿ ಅಪ್ಪನ ಕೆನ್ನೆಗೆ ಬಾರಿಸಿದ.

“ಹಿಂದಕ್ಕ ಸರೀರಿ,” ಅಂದ ಅಪ್ಪ.

“ನನಗ ಸರಿ ಅಂತೀಯಾ?” ಮತ್ತೊಂದು ಬಿತ್ತು. ತುಟಿ ಒಡೆದು ರಕ್ತ ಸ್ಪ್ರಿಂಗಿನ ಮೇಲೆ ತೊಟ್ಟಿಕ್ಕಿತು.

“ನೀನೂ ಹೊಡಿಯಪ್ಪಾ!” ಎಂದು ನಾನು ಕಿರುಚಿದೆ.

“ಕೈ ಬಿಡಬ್ಯಾಡೋ ಮಗನ!” ಎನ್ನುತ್ತ ಅಜ್ಜಿ ಒಳಗಿಂದ ಓಡಿ ಬಂದವಳೇ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ಇಬ್ಬರೂ ಮಣ್ಣಿಗೆ ಬಿದ್ದರು.

ಅಪ್ಪ ಪಕ್ಕಕ್ಕೆ ಜಿಗಿದು ಹಾರೆ ಬಿಟ್ಟ. ಸ್ಪ್ರಿಂಗು ತಗಡು ಹರಿದುಕೊಂಡು ಮೇಲೆ ಹೋಯಿತು. ಬಂದವನು ಬಗ್ಗಿ ನಿಂತಿದ್ದ ಜಾಗದಲ್ಲಿ ಈಗ ತಗಡಿನ ತೂತಿನಿಂದ ಬಿಸಿಲು ಬಿದ್ದಿತ್ತು. ಅವನು ಅದನ್ನೇ ನೋಡುತ್ತ ಕೂತ.

ಅಪ್ಪ ರಕ್ತ ಉಗುಳಿ, ತೋಳು ಹಿಡಿದು ಅವನನ್ನು ಎಬ್ಬಿಸಿದ. “ಈಗ ಬರ್ರಿ,” ಅಂದ, “ಕೈ ಖಾಲಿ ಅದಾವ.”